"ರೈಟಿಂಗ್ ಮಾತ್ರ ಬಾಕಿ ಇದೆ ಮೇಡಂ"

ವಿದೇಶದಲ್ಲಿ ಕೆಲಸಕ್ಕೆ ಹೋಗಲು ಓಇಟಿ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆದ ನರ್ಸ್‌ಗಳಿಂದ ನಾನು ಜಾಸ್ತಿ ಕೇಳುವ ಮಾತು ಇದು. "ಲಿಸನಿಂಗ್ ಕ್ಲಿಯರ್ ಆಯ್ತು, ರೀಡಿಂಗ್ ಕ್ಲಿಯರ್ ಆಯ್ತು, ರೈಟಿಂಗ್ ಮಾತ್ರ ಬಾಕಿ ಇದೆ." ಹೀಗೆ ಹೇಳಿದವರು ಮರುದಿನದಿಂದ ಬರೆಯುವುದನ್ನು ಬಿಟ್ಟು ಬೇರೇನೂ ಮಾಡುವುದಿಲ್ಲ. ದಿನಕ್ಕೊಂದು ಪತ್ರ. ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಮಾದರಿ ಪತ್ರಗಳ ಪಿಡಿಎಫ್. ಮೊದಲ ಸಾಲು ಬಾಯಿಪಾಠ, ಕೊನೆಯ ಸಾಲು ಬಾಯಿಪಾಠ. ಮತ್ತೆ ಫೀಸು ಕಟ್ಟಿ ಪರೀಕ್ಷೆಗೆ ಕೂರುತ್ತಾರೆ. ಎಷ್ಟೋ ಸಲ ಮತ್ತೆ ಅದೇ ಸ್ಕೋರು ಬರುತ್ತದೆ.

ನಾನು ಇಂಗ್ಲಿಷ್ ಟೀಚರ್. ನರ್ಸ್ ಅಲ್ಲ. ಆದರೆ ಸಂಜೆ ಹೊತ್ತು ನರ್ಸ್‌ಗಳ ಜೊತೆ ಕೂತು ಈ ಪರೀಕ್ಷೆಗೆ ಓದಿಸುತ್ತೇನೆ. ಅವರ ಪತ್ರಗಳನ್ನು ತಿದ್ದುತ್ತಾ, ಅವರ ಮಾತು ಕೇಳುತ್ತಾ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಒಂದೇ. ಒಂದು ಮಾಡ್ಯೂಲ್, ಅಂದರೆ ಪರೀಕ್ಷೆಯ ನಾಲ್ಕು ಭಾಗಗಳಲ್ಲಿ ಒಂದು, ಸಿಕ್ಕಿಕೊಂಡಿದೆ ಅಂದರೆ, ಅದರ ಕಾರಣ ಬಹಳ ಸಲ ಪಕ್ಕದ ಮಾಡ್ಯೂಲ್‌ನಲ್ಲಿ ಇರುತ್ತದೆ. ರೈಟಿಂಗ್‌ನಲ್ಲಿ ನಿಂತವರ ತೊಂದರೆ ಓದಿನಲ್ಲಿದೆ. ಸ್ಪೀಕಿಂಗ್‌ನಲ್ಲಿ ನಿಂತವರ ತೊಂದರೆ ಕೇಳಿಸಿಕೊಳ್ಳುವುದರಲ್ಲಿದೆ. ಹಾಗಾಗಿ ನಾಲ್ಕನ್ನೂ ಸೇರಿಸಿ ಅಭ್ಯಾಸ ಮಾಡಬೇಕು. ಅದಕ್ಕೆ ಬೇಕಾದ ವಸ್ತು ನರ್ಸ್‌ಗಳ ಕೈಯಲ್ಲೇ ಇದೆ, ಅವರ ದಿನದ ಡ್ಯೂಟಿಯಲ್ಲಿ.

ಓಇಟಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಆಕ್ಯುಪೇಷನಲ್ ಇಂಗ್ಲಿಷ್ ಟೆಸ್ಟ್ ಅಂತ ಪೂರ್ತಿ ಹೆಸರು. ಬೇರೆ ದೇಶಗಳಿಂದ ಬಂದ ವೈದ್ಯರು, ನರ್ಸ್‌ಗಳಿಗಾಗಿ 1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದಲ್ಲಿ ಇದನ್ನು ರೂಪಿಸಿದರು. ಮೆಲ್ಬರ್ನ್‌ನ ಭಾಷಾತಜ್ಞ ಟಿಮ್ ಮೆಕ್‌ನಮಾರ ಅದರ ಹಿಂದಿದ್ದ ಮುಖ್ಯ ವ್ಯಕ್ತಿ. ಈಗ 12 ಆರೋಗ್ಯ ವೃತ್ತಿಗಳಿಗೆ ಈ ಪರೀಕ್ಷೆ ಇದೆ. ಲಿಸನಿಂಗ್ ಮತ್ತು ರೀಡಿಂಗ್ ಎಲ್ಲರಿಗೂ ಒಂದೇ. ರೈಟಿಂಗ್ ಮತ್ತು ಸ್ಪೀಕಿಂಗ್ ಅವರವರ ಕೆಲಸಕ್ಕೆ ತಕ್ಕಂತೆ ಬೇರೆ ಬೇರೆ. ಪ್ರತಿ ಮಾಡ್ಯೂಲ್‌ಗೆ 0ಯಿಂದ 500ರವರೆಗೆ ಅಂಕ, 350 ಬಂದರೆ ಬಿ ಗ್ರೇಡ್. ಅಲ್ಲಿ ನರ್ಸ್‌ಗಳನ್ನು ನೋಂದಾಯಿಸುವ ಬ್ರಿಟನ್ನಿನ ನರ್ಸಿಂಗ್ ಆ್ಯಂಡ್ ಮಿಡ್‌ವೈಫರಿ ಕೌನ್ಸಿಲ್ ಮೂರರಲ್ಲಿ ಬಿ ಕೇಳುತ್ತದೆ, ರೈಟಿಂಗ್‌ನಲ್ಲಿ ಮಾತ್ರ ಸಿ ಪ್ಲಸ್, ಅಂದರೆ 300 ಸಾಕು ಅನ್ನುತ್ತದೆ. ಅಷ್ಟು ಕಡಿಮೆ ಮಾಡಿದರೂ ನಮ್ಮವರು ಸಿಕ್ಕಿಬೀಳುವುದು ಹೆಚ್ಚಾಗಿ ಅಲ್ಲೇ.

ಯಾಕೆ ಅಂತ ನೋಡೋಣ.

ರೈಟಿಂಗ್‌ಗೆ ಒಟ್ಟು 45 ನಿಮಿಷ. ಮೊದಲ 5 ನಿಮಿಷ ಪೆನ್ನು ಮುಟ್ಟುವಂತಿಲ್ಲ, ಓದುವುದು ಮಾತ್ರ. ಓದಲು ಕೊಡುವುದು ಒಬ್ಬ ಪೇಷಂಟ್‌ನ ಕೇಸ್ ನೋಟ್ಸ್. ಉಳಿದ 40 ನಿಮಿಷದಲ್ಲಿ ಸುಮಾರು 180ರಿಂದ 200 ಪದಗಳ ಒಂದು ಪತ್ರ ಬರೆಯಬೇಕು. ಮನೆಗೆ ಹೋಗಿ ಡ್ರೆಸಿಂಗ್ ಮಾಡುವ ನರ್ಸ್‌ಗೋ, ವೃದ್ಧಾಶ್ರಮದ ಮೇಲ್ವಿಚಾರಕರಿಗೋ, ಇನ್ನೊಬ್ಬ ವೈದ್ಯರಿಗೋ. ಈಗ ಯೋಚಿಸಿ. 40 ನಿಮಿಷದಲ್ಲಿ 200 ಪದ ಬರೆಯುವುದು ನಿಜವಾಗಿಯೂ ಕಷ್ಟವೇ? ಜಿಎನ್‌ಎಂ ಆಗಲಿ, ಬಿಎಸ್ಸಿ ನರ್ಸಿಂಗ್ ಆಗಲಿ, ಮೂರು ಗಂಟೆ ಕೂತು ಪುಟಗಟ್ಟಲೆ ಬರೆದು ಪಾಸಾದವರು ಇವರು. ಕೈಗೆ ಬರೆದು ಅಭ್ಯಾಸವಿದೆ. ಕಷ್ಟ ಇರುವುದು ನೋಟ್ಸ್ ಓದಿ ಏನನ್ನು ಬಿಡಬೇಕು ಅಂತ ತೀರ್ಮಾನ ಮಾಡುವುದರಲ್ಲಿ.

ಒಂದು ಉದಾಹರಣೆ ಕೊಡುತ್ತೇನೆ. ಪರೀಕ್ಷೆಯಲ್ಲಿ ಬಂದದ್ದಲ್ಲ, ನಾನು ಕ್ಲಾಸಿಗೆ ಅಂತ ಬರೆದುಕೊಂಡಿದ್ದು. ಅರವತ್ತೆಂಟು ವರ್ಷದ ಗಂಡಸು. ಬಸ್ ಡ್ರೈವರ್ ಆಗಿದ್ದವರು, ಈಗ ನಿವೃತ್ತರು. ಒಬ್ಬರೇ ಇದ್ದಾರೆ, ಮಗಳು ಬೇರೆ ಊರಿನಲ್ಲಿ. ಹಳೆಯ ಸಕ್ಕರೆ ಕಾಯಿಲೆ. 1996ರಲ್ಲಿ ಹರ್ನಿಯಾ ಆಪರೇಷನ್. ಎಡಗಾಲಿನ ಪಾದದಲ್ಲಿ ಹುಣ್ಣು, ಸೋಂಕು, ಅದಕ್ಕೇ ಅಡ್ಮಿಟ್. ಮೊದಲು ರಕ್ತನಾಳಕ್ಕೆ ಆಂಟಿಬಯಾಟಿಕ್, ಆಮೇಲೆ ಮಾತ್ರೆ. ದಿನ ಬಿಟ್ಟು ದಿನ ಡ್ರೆಸಿಂಗ್. ಮನೆಯಲ್ಲಿ ಬರಿಗಾಲಲ್ಲಿ ಓಡಾಡುತ್ತಾರೆ. ಶುಗರ್ ಚೆಕ್ ಮಾಡಿಕೊಳ್ಳುವುದಿಲ್ಲ. ವಾರ್ಡಿನಲ್ಲಿ ಎರಡನೇ ದಿನ ಜ್ವರ ಇತ್ತು, ಇಳಿಯಿತು. ಇವತ್ತು ಡಿಸ್ಚಾರ್ಜ್. ಕೊನೆಯಲ್ಲಿ ಕೆಲಸ: ಇವರ ಮನೆಗೆ ಹೋಗುವ ಕಮ್ಯುನಿಟಿ ನರ್ಸ್‌ಗೆ ಪತ್ರ ಬರೆಯಿರಿ.

ಹೆಚ್ಚಿನವರು ಮೇಲಿನ ಸಾಲಿನಿಂದ ಶುರು ಮಾಡಿ ಒಂದೊಂದೇ ಸಾಲನ್ನು ಪೂರ್ಣ ವಾಕ್ಯ ಮಾಡುತ್ತಾ ಕೆಳಗೆ ಇಳಿಯುತ್ತಾರೆ. ಹರ್ನಿಯಾ ಬರುತ್ತದೆ. ಎರಡನೇ ದಿನದ ಜ್ವರ ಬರುತ್ತದೆ. ಬರಿಗಾಲಿನ ವಿಷಯ ಬರುವಷ್ಟರಲ್ಲಿ 200 ಪದ ಮುಗಿದಿರುತ್ತದೆ. ಅದು ಪತ್ರದ ಬಾಲದಲ್ಲಿ ಒಂದು ಅರ್ಧ ವಾಕ್ಯವಾಗಿ ಉಳಿಯುತ್ತದೆ, ಇಲ್ಲವೇ ಬಿಟ್ಟೇ ಹೋಗುತ್ತದೆ. ವ್ಯಾಕರಣ ತಿದ್ದಿದರೆ ಈ ಪತ್ರ ಸರಿಯಾಗುವುದಿಲ್ಲ. ಓಇಟಿಯಲ್ಲಿ ರೈಟಿಂಗ್ ಅಳೆಯಲು ಆರು ಅಳತೆಗಳಿವೆ. ಮೊದಲನೆಯದು ಉದ್ದೇಶ: ಪತ್ರ ಯಾಕೆ ಬಂದಿದೆ ಅಂತ ಓದುವವರಿಗೆ ತಕ್ಷಣ ಗೊತ್ತಾಗುತ್ತದೆಯೇ? ಎರಡನೆಯದು ವಿಷಯ, ಮೂರನೆಯದು ಚುಟುಕುತನ ಮತ್ತು ಸ್ಪಷ್ಟತೆ. ಆಮೇಲೆ ಶೈಲಿ, ಜೋಡಣೆ. ಭಾಷೆ ಅನ್ನುವುದು ಆರರಲ್ಲಿ ಒಂದು. ಮೊದಲ ಮೂರೂ ಓದಿನ ಮೇಲೆ ನಿಂತಿವೆ.

ಹಾಗಾಗಿ ನಾವು ಒಂದು ಕೆಲಸ ಮಾಡುತ್ತೇವೆ. ನೋಟ್ಸ್ ಅನ್ನು ಕೆಳಗಿನಿಂದ ಓದುತ್ತೇವೆ. ಪತ್ರ ಯಾರಿಗೆ? ಅವರು ನಾಳೆ ಬೆಳಿಗ್ಗೆ ಏನು ಮಾಡಬೇಕು? ಅದು ಗೊತ್ತಾದ ಮೇಲೆ ಮೇಲಿನಿಂದ ಓದುವುದು. ಆಮೇಲೆ ಬರೆಯುವುದಲ್ಲ, ಫೋನ್ ಮಾಡುವುದು. ಪಕ್ಕದಲ್ಲಿ ಕೂತವರೇ ಆ ಕಮ್ಯುನಿಟಿ ನರ್ಸ್. ಒಂದು ನಿಮಿಷದಲ್ಲಿ ಅವರಿಗೆ ಪೇಷಂಟ್ ಬಗ್ಗೆ ಹೇಳಬೇಕು. ಮೊದಲು ಕನ್ನಡದಲ್ಲಿ.

"ಸಿಸ್ಟರ್, ನಾಳೆಯಿಂದ ಒಬ್ಬರಿಗೆ ಮನೆಗೆ ಹೋಗಿ ಡ್ರೆಸಿಂಗ್ ಮಾಡ್ಬೇಕು. ಶುಗರ್ ಇದೆ, ಎಡಗಾಲಲ್ಲಿ ಹುಣ್ಣಾಗಿತ್ತು, ಈಗ ಪರವಾಗಿಲ್ಲ. ಮಾತ್ರೆ ಇನ್ನೂ ನಡೀತಿದೆ, ನಿಲ್ಲಿಸಬಾರದು. ಒಬ್ಬರೇ ಇರೋದು. ಚಪ್ಪಲಿ ಹಾಕದೆ ಓಡಾಡ್ತಾರೆ, ಅದನ್ನ ಸ್ವಲ್ಪ ಹೇಳಿ."

ನೋಡಿ, ಇಲ್ಲಿ ಯಾರೂ ಹರ್ನಿಯಾ ತರುವುದಿಲ್ಲ. ಯಾರೂ ಹೇಳಿಕೊಡದೇ ಅದು ಬಿಟ್ಟು ಹೋಗುತ್ತದೆ. ಒಂಟಿತನ, ಬರಿಗಾಲು ಎರಡೂ ಮುಂದೆ ಬರುತ್ತವೆ. ಆಯ್ಕೆ ಮಾಡುವ ಬುದ್ಧಿ ಆ ನರ್ಸ್‌ನಲ್ಲಿ ಮೊದಲಿನಿಂದ ಇದೆ. ಪೇಪರ್ ಮುಂದೆ ಕೂತಾಗ ಅದು ಕೆಲಸ ಮಾಡುವುದಿಲ್ಲ, ಯಾಕೆಂದರೆ ಪೇಪರಿನ ಆ ಕಡೆ ಯಾರೂ ಕಾಣುವುದಿಲ್ಲ. ಕನ್ನಡದಲ್ಲಿ ಹೇಳಿದ ಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳುತ್ತಾರೆ, ತಡವರಿಸುತ್ತಲೇ. ಕೇಳುವವರು ಮಧ್ಯೆ ಪ್ರಶ್ನೆ ಹಾಕುತ್ತಾರೆ: ಮಾತ್ರೆ ಎಷ್ಟು ದಿನ? ಕೊನೆಯ ಡ್ರೆಸಿಂಗ್ ಯಾವತ್ತು ಆಯ್ತು? ಆ ಪ್ರಶ್ನೆಗೆ ಉತ್ತರ ಹುಡುಕಲು ಮತ್ತೆ ನೋಟ್ಸ್‌ಗೆ ಹೋಗಬೇಕು. ಇದೆಲ್ಲ ಆದ ಮೇಲೆ ಪತ್ರ ಬರೆಯಲು ಕೂತರೆ, ಆ ಪತ್ರಕ್ಕೆ ಮೊದಲೇ ಒಂದು ಆಕಾರ ಇರುತ್ತದೆ. ಆಗ ವ್ಯಾಕರಣ ತಿದ್ದುವುದಕ್ಕೂ ಅರ್ಥ ಇರುತ್ತದೆ. "ಇದ್ದಾರೆ", "ಇದ್ದರು", "ಇನ್ನೂ ನಡೆಯುತ್ತಿದೆ" ಈ ಮೂರರ ವ್ಯತ್ಯಾಸ ಯಾಕೆ ಮುಖ್ಯ ಅಂತ ಅವರಿಗೇ ಗೊತ್ತಾಗುತ್ತದೆ. ಮುಗಿದ ಮಾತ್ರೆ ಯಾವುದು, ನಡೆಯುತ್ತಿರುವ ಮಾತ್ರೆ ಯಾವುದು ಎಂಬುದು ಇಂಗ್ಲಿಷ್ ಕ್ರಿಯಾಪದದ ರೂಪದಲ್ಲೇ ಕೂತಿರುತ್ತದೆ.

ನರ್ಸ್‌ಗಳಿಗೆ ಇದು ಹೊಸ ವಿದ್ಯೆ ಅಲ್ಲ. ದಿನವೂ ಅವರು "ಓವರ್ ಕೊಡುತ್ತಾರೆ", "ಓವರ್ ತಗೊಳ್ಳುತ್ತಾರೆ". ನೈಟ್ ಡ್ಯೂಟಿಯವರು ಬೆಳಿಗ್ಗೆಯವರಿಗೆ ಹಾಸಿಗೆ ಹಾಸಿಗೆಗೂ ನಿಂತು ಹೇಳುತ್ತಾರೆ. ಬಂದವರು ಕೇಳುತ್ತಾರೆ, ಕೇಸ್ ಶೀಟ್ ನೋಡುತ್ತಾರೆ, ಕೈಯಲ್ಲಿನ ಚೀಟಿಯಲ್ಲಿ ಗುರುತು ಹಾಕಿಕೊಳ್ಳುತ್ತಾರೆ, ಅನುಮಾನ ಇದ್ದರೆ ಕೇಳುತ್ತಾರೆ. ಲಿಸನಿಂಗ್, ರೀಡಿಂಗ್, ರೈಟಿಂಗ್, ಸ್ಪೀಕಿಂಗ್ ನಾಲ್ಕೂ ಕೆಲವೇ ನಿಮಿಷಗಳಲ್ಲಿ ಒಟ್ಟಿಗೆ ನಡೆಯುತ್ತವೆ. ಹೊರದೇಶದ ಆಸ್ಪತ್ರೆಗಳಲ್ಲಿ ಇದಕ್ಕೆ ಎಸ್‌ಬಿಎಆರ್ ಅನ್ನುವ ಚೌಕಟ್ಟು ಬಳಸುತ್ತಾರೆ: ಈಗಿನ ಸ್ಥಿತಿ, ಹಿನ್ನೆಲೆ, ನಮ್ಮ ಅಂದಾಜು, ಏನಾಗಬೇಕು. ಅಮೆರಿಕದ ಅಣು ಜಲಾಂತರ್ಗಾಮಿಗಳಲ್ಲಿ ಇದ್ದ ಪದ್ಧತಿ ಇದು. ಕೈಸರ್ ಪರ್ಮನೆಂಟೆ ಅನ್ನುವ ಅಲ್ಲಿನ ಆರೋಗ್ಯ ಸಂಸ್ಥೆ ಇದನ್ನು ಆಸ್ಪತ್ರೆಗೆ ತಂದಿತು. ಓಇಟಿ ಪತ್ರಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ. ಮಾದರಿ ಪತ್ರಗಳ ಪಿಡಿಎಫ್‌ಗಿಂತ ಖಂಡಿತ ಮೇಲು.

ಇಷ್ಟೆಲ್ಲ ಇದ್ದೂ ನಮ್ಮ ಹುಡುಗಿಯರು, ಹುಡುಗರು ನಾಲ್ಕನ್ನೂ ಬೇರೆ ಬೇರೆ ಅಂತ ಯಾಕೆ ಅಂದುಕೊಳ್ಳುತ್ತಾರೆ? ಇದರ ಬೇರು ಸ್ವಲ್ಪ ಹಿಂದೆ ಇದೆ. ನನ್ನ ಹತ್ತಿರ ಬರುವವರಲ್ಲಿ ಸುಮಾರು ಜನ ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಅವರಿಗೆ ಇಂಗ್ಲಿಷ್ ಓದು ಬಂದಿದ್ದು ನರ್ಸಿಂಗ್ ಪಠ್ಯಪುಸ್ತಕದಿಂದ. ಬರವಣಿಗೆ ಬಂದಿದ್ದು ಪರೀಕ್ಷೆಯ ಹಾಲ್‌ನಲ್ಲಿ, ಅದೂ ಬಾಯಿಪಾಠ ಮಾಡಿದ ಉತ್ತರಗಳಿಂದ. ಕೇಳಿದ್ದು ಡಾಕ್ಟರ್ ರೌಂಡ್ಸ್‌ನಲ್ಲಿ. ಮಾತಾಡಿದ್ದು "ಎಸ್ ಸರ್", "ಡನ್ ಸರ್", ಬಿಪಿ ಎಷ್ಟು, ಯೂರಿನ್ ಎಷ್ಟು. ಪೇಷಂಟ್ ಜೊತೆ ಮಾತಾಡುವುದೆಲ್ಲ ಕನ್ನಡ, ಅಥವಾ ಕರಾವಳಿಯಾದರೆ ತುಳು, ಬೀದರ್ ಕಡೆ ಉರ್ದು, ಮರಾಠಿ. ಒಂದೊಂದು ಕೌಶಲವೂ ಒಂದೊಂದು ಜಾಗದಲ್ಲಿ ಬೆಳೆಯಿತು. ಅವು ಒಂದನ್ನೊಂದು ಭೇಟಿಯಾಗಲೇ ಇಲ್ಲ. ಕೋಚಿಂಗ್ ಕ್ಲಾಸ್‌ನ ಟೈಮ್‌ಟೇಬಲ್ ಸೋಮವಾರ ಲಿಸನಿಂಗ್, ಮಂಗಳವಾರ ರೀಡಿಂಗ್ ಅಂತ ಇದ್ದರೆ ಈ ಬೇರ್ಪಡುವಿಕೆ ಇನ್ನೂ ಗಟ್ಟಿಯಾಗುತ್ತದೆ.

ಪರೀಕ್ಷೆ ಮಾಡುವವರೂ ಈ ವಿಷಯದಲ್ಲಿ ಬಹಳ ಹಿಂದಿನಿಂದ ಯೋಚಿಸುತ್ತಾ ಬಂದಿದ್ದಾರೆ. 1961ರಲ್ಲಿ ಅಮೆರಿಕದ ಭಾಷಾತಜ್ಞ ರಾಬರ್ಟ್ ಲಾಡೋ ಭಾಷೆಯನ್ನು ಬಿಡಿಬಿಡಿ ಮಾಡಿ ಅಳೆಯುವ ದಾರಿಯನ್ನು ವಿವರವಾಗಿ ತೋರಿಸಿದರು. ಉಚ್ಚಾರಣೆ ಬೇರೆ, ವ್ಯಾಕರಣ ಬೇರೆ, ಪದಸಂಪತ್ತು ಬೇರೆ. ಅದೇ ವರ್ಷ ಅಲ್ಲಿನ ಮನಶ್ಶಾಸ್ತ್ರಜ್ಞ ಜಾನ್ ಕ್ಯಾರಲ್ ಇಷ್ಟೇ ಸಾಲದು, ಎಲ್ಲವನ್ನೂ ಕೂಡಿಸಿ ಬಳಸುವುದನ್ನೂ ಅಳೆಯಬೇಕು ಅಂದರು. 1964ರಲ್ಲಿ ಟೋಫೆಲ್ ಅನ್ನುವ ಅಮೆರಿಕದ ಇಂಗ್ಲಿಷ್ ಪರೀಕ್ಷೆ ಶುರುವಾದಾಗ ಬಿಡಿ ಪ್ರಶ್ನೆಗಳ ದಾರಿಯನ್ನೇ ಹಿಡಿಯಿತು. ಬ್ರಿಟನ್ ಕಡೆ 1980ರಲ್ಲಿ ಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬಂತು, 1989ರಲ್ಲಿ ಅದು ಐಇಎಲ್‌ಟಿಎಸ್ ಆಯ್ತು. ಆಗಿನ ಐಇಎಲ್‌ಟಿಎಸ್‌ನಲ್ಲಿ ಓದಲು ಕೊಟ್ಟ ವಿಷಯಕ್ಕೂ ಬರೆಯುವ ವಿಷಯಕ್ಕೂ ನಂಟು ಇತ್ತು. 1995ರಲ್ಲಿ ಆ ನಂಟನ್ನು ಕಡಿದರು. ಹತ್ತು ವರ್ಷ ಕಳೆದು 2005ರಲ್ಲಿ ಟೋಫೆಲ್ ಉಲ್ಟಾ ದಿಕ್ಕಿನಲ್ಲಿ ಹೋಯಿತು. ಇಂಟರ್ನೆಟ್ ಮೂಲಕ ನಡೆಸುವ ಹೊಸ ಪರೀಕ್ಷೆಯಲ್ಲಿ ಒಂದು ಪಠ್ಯ ಓದಿ, ಅದೇ ವಿಷಯದ ಉಪನ್ಯಾಸ ಕೇಳಿ, ಎರಡನ್ನೂ ಸೇರಿಸಿ ಬರೆಯುವ, ಮಾತಾಡುವ ಪ್ರಶ್ನೆಗಳನ್ನು ತಂದಿತು.

1995ರ ನಿರ್ಧಾರವನ್ನು ನಾನು ತಪ್ಪು ಅನ್ನುವುದಿಲ್ಲ. ಓದಿದ್ದು ಅರ್ಥವಾಗದ ಒಬ್ಬರಿಗೆ ಬರವಣಿಗೆಯಲ್ಲೂ ಅಂಕ ಹೋದರೆ, ಅವರ ಬರವಣಿಗೆ ನಿಜವಾಗಿ ಎಷ್ಟು ಒಳ್ಳೆಯದು ಅಂತ ತಿಳಿಯುವುದು ಹೇಗೆ? ಒಂದೇ ತಪ್ಪಿಗೆ ಎರಡು ಕಡೆ ಶಿಕ್ಷೆ ಕೊಟ್ಟಂತಾಗುತ್ತದೆ. ಅಳೆಯುವವರಿಗೆ ಬೇರ್ಪಡಿಸಲು ಒಳ್ಳೆಯ ಕಾರಣಗಳಿವೆ. ಕಲಿಯುವವರಿಗೆ ಆ ಕಾರಣಗಳು ಇಲ್ಲ. ಸ್ಕೋರ್ ಶೀಟ್‌ನಲ್ಲಿ ನಾಲ್ಕು ಸಾಲು ಇದೆ ಅಂತ ನಮ್ಮ ಸಂಜೆಯನ್ನೂ ನಾಲ್ಕು ಭಾಗ ಮಾಡಬೇಕಿಲ್ಲ. ಯುರೋಪಿನವರು 2001ರಲ್ಲಿ ಮಾಡಿದ ಭಾಷಾ ಚೌಕಟ್ಟು, ಅದೇ ಬಿ2, ಸಿ1 ಅನ್ನುವ ಮಟ್ಟಗಳನ್ನು ಕೊಟ್ಟಿದ್ದು, ಈ ನಾಲ್ಕು ಕೌಶಲಗಳ ಲೆಕ್ಕವನ್ನೇ ಬದಲಿಸಿತು. ಗ್ರಹಿಸುವುದು, ಹೊಮ್ಮಿಸುವುದು, ಪರಸ್ಪರ ಮಾತಾಡುವುದು, ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವುದು ಅಂತ ನಾಲ್ಕು ಬಗೆ ಮಾಡಿತು. 2020ರ ಪೂರಕ ಸಂಪುಟದಲ್ಲಿ ಈ ದಾಟಿಸುವ ಕೆಲಸಕ್ಕೆ ಇನ್ನೂ ಜಾಸ್ತಿ ಜಾಗ ಸಿಕ್ಕಿತು. ಕರ್ನಾಟಕದ ಒಬ್ಬ ನರ್ಸ್ ದಿನವಿಡೀ ಮಾಡುವ ಕೆಲಸ ಇದೇ ಅಲ್ವಾ? ಅಜ್ಜಿ ಕನ್ನಡದಲ್ಲಿ ಹೇಳಿದ ನೋವನ್ನು ಕೇಸ್ ಶೀಟಿನಲ್ಲಿ ಇಂಗ್ಲಿಷಿನಲ್ಲಿ ಬರೆಯುವುದು. ಡಾಕ್ಟರ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅಜ್ಜಿಯ ಮಗನಿಗೆ ಕನ್ನಡದಲ್ಲಿ ತಿಳಿಸುವುದು. ನನ್ನ ಕ್ಲಾಸಿನಲ್ಲಿ ಕನ್ನಡ ಬೇಡ ಅಂತ ನಾನು ಹೇಳದಿರುವುದು ಇದಕ್ಕೇ.

ಸ್ಪೀಕಿಂಗ್ ವಿಷಯಕ್ಕೆ ಬರುತ್ತೇನೆ. ಇದರ ಬಗ್ಗೆ ನನಗೆ ಹೇಳಲು ಜಾಸ್ತಿ ಇದೆ.

ಓಇಟಿ ಸ್ಪೀಕಿಂಗ್ ಸುಮಾರು 20 ನಿಮಿಷ. ಮೊದಲು ಸ್ವಲ್ಪ ಹರಟೆ, ಅದಕ್ಕೆ ಅಂಕ ಇಲ್ಲ. ಆಮೇಲೆ ಎರಡು ರೋಲ್‌ಪ್ಲೇ, ಒಂದೊಂದೂ ಸುಮಾರು 5 ನಿಮಿಷ. ಪ್ರತಿಯೊಂದಕ್ಕೂ ಮೊದಲು ಕಾರ್ಡ್ ಓದಿ ತಯಾರಾಗಲು 3 ನಿಮಿಷ. ಎದುರಿಗೆ ಇರುವವರು ಪೇಷಂಟ್ ಆಗಿರುತ್ತಾರೆ, ಇಲ್ಲವೇ ಪೇಷಂಟ್‌ನ ಮನೆಯವರು. ಅವರು ಅಂಕ ಕೊಡುವುದಿಲ್ಲ. ರೆಕಾರ್ಡಿಂಗ್ ಕೇಳಿ ಬೇರೆಯವರು ಅಂಕ ಕೊಡುತ್ತಾರೆ. 2018ರ ಸೆಪ್ಟೆಂಬರ್‌ನಿಂದ ಇದರಲ್ಲಿ ಒಂದು ದೊಡ್ಡ ಬದಲಾವಣೆ ಆಗಿದೆ. ಉಚ್ಚಾರಣೆ, ನಿರರ್ಗಳತೆ, ವ್ಯಾಕರಣ ಇವುಗಳ ಜೊತೆಗೆ ಪೇಷಂಟ್ ಜೊತೆ ಹೇಗೆ ಮಾತಾಡಿದಿರಿ ಅನ್ನುವುದಕ್ಕೂ ಅಂಕ. ನಂಟು ಬೆಳೆಸಿದಿರಾ, ಪೇಷಂಟ್‌ನ ಕಡೆಯಿಂದ ನೋಡಿದಿರಾ, ಮಾತಿಗೆ ಒಂದು ಕ್ರಮ ಇತ್ತಾ, ಮಾಹಿತಿ ಕೇಳಿದ್ದು ಹೇಗೆ, ಕೊಟ್ಟಿದ್ದು ಹೇಗೆ. ಈ ಅಳತೆಗಳು ವಾರ್ಡಿನಲ್ಲಿ ಒಳ್ಳೆಯ ನರ್ಸ್ ಯಾರು ಅನ್ನುವ ಪ್ರಶ್ನೆಗೆ ಬಹಳ ಹತ್ತಿರ ಇವೆ. ಇದನ್ನು ಸೇರಿಸಿದ್ದಕ್ಕೆ ನನಗೆ ಆ ಪರೀಕ್ಷೆಯ ಮೇಲೆ ಗೌರವ ಹೆಚ್ಚಾಗಿದೆ.

ಆದರೆ ಕಾರ್ಡ್ ಕೈಗೆ ಬಂದ ತಕ್ಷಣ ನಮ್ಮವರು ಮಾಡುವುದೇನು? ಕಾರ್ಡಿನ ಸಾಲುಗಳನ್ನು ಒಂದೊಂದಾಗಿ ಮುಗಿಸುತ್ತಾ ಹೋಗುವುದು. ಇನ್ಸುಲಿನ್ ಶುರು ಮಾಡಬೇಕಾದ ಪೇಷಂಟ್ ಅಂದುಕೊಳ್ಳಿ. ಎದುರಿನವರು ಹೇಳುತ್ತಾರೆ, ನಮ್ಮಮ್ಮನಿಗೂ ಇನ್ಸುಲಿನ್ ಕೊಟ್ಟರು, ಆಮೇಲೆ ಅವರ ಕಾಲು ತೆಗೆದರು ಅಂತ. ಆ ಮಾತಿನಲ್ಲಿ ಎಲ್ಲವೂ ಇದೆ. ಭಯ ಇದೆ, ತಪ್ಪು ತಿಳಿವಳಿಕೆ ಇದೆ, ಮುಂದಿನ ದಾರಿಯೂ ಇದೆ. ಆದರೆ ಅಭ್ಯರ್ಥಿಯ ಕಣ್ಣು ಕಾರ್ಡಿನ ಮೇಲಿದೆ. ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ ಅನ್ನುವ ಅರ್ಥದ ಒಂದು ಬಾಯಿಪಾಠದ ಇಂಗ್ಲಿಷ್ ವಾಕ್ಯ ಹೇಳಿ, ಸೂಜಿ ಎಲ್ಲಿ ಚುಚ್ಚಬೇಕು ಅಂತ ವಿವರಿಸಲು ಶುರು ಮಾಡುತ್ತಾರೆ. ಇಂಗ್ಲಿಷ್ ತಪ್ಪಿಲ್ಲ. ಕೇಳಿಸಿಕೊಂಡೇ ಇಲ್ಲ, ಅಷ್ಟೇ.

ಇದೇ ರೋಲ್‌ಪ್ಲೇಯನ್ನು ಕನ್ನಡದಲ್ಲಿ ಮಾಡಿಸಿದರೆ ನೋಡಬೇಕು. "ಒಂದ್ಸಲ ಶುರು ಮಾಡಿದ್ರೆ ಬಿಡೋಕಾಗಲ್ಲ ಅಂತಾರಲ್ಲ ಸಿಸ್ಟರ್?" ಅಂತ ಒಬ್ಬರು ಕೇಳುತ್ತಾರೆ. ಎದುರಿಗಿದ್ದವರು ಕಾರ್ಡು ಕೆಳಗಿಡುತ್ತಾರೆ. "ಯಾರು ಹೇಳಿದ್ರಮ್ಮ ನಿಮಗೆ? ಮನೇಲಿ ಯಾರಿಗಾದ್ರೂ ಕೊಡ್ತಿದ್ರಾ?" ಅಂತ ಕೇಳುತ್ತಾರೆ. ಉತ್ತರಕ್ಕೆ ಕಾಯುತ್ತಾರೆ. ಕಾಲಿಗೆ ಹಾಗಾಗಿದ್ದು ಇನ್ಸುಲಿನ್‌ನಿಂದ ಅಲ್ಲ, ಶುಗರ್ ಬಹಳ ದಿನ ಜಾಸ್ತಿ ಇದ್ದಿದ್ದರಿಂದ ಅಂತ ನಿಧಾನಕ್ಕೆ ಹೇಳುತ್ತಾರೆ. ಗೊತ್ತಾಯ್ತಾ ಅಂತ ಕೇಳುತ್ತಾರೆ. ಅಂಕ ಕೊಡುವ ಪಟ್ಟಿಯಲ್ಲಿರುವ ಐದೂ ಅಂಶಗಳು ಇದರಲ್ಲಿ ಬಂದುಬಿಟ್ಟವು. ಅದನ್ನೇ ರೆಕಾರ್ಡ್ ಮಾಡಿ ಕೇಳಿಸುತ್ತೇನೆ. "ಇದನ್ನೇ ಇಂಗ್ಲಿಷಿಗೆ ತನ್ನಿ" ಅನ್ನುತ್ತೇನೆ. ಅದೇ ಕಾಯುವಿಕೆ, ಅದೇ ಮರುಪ್ರಶ್ನೆ.

ಇಂಗ್ಲಿಷಿಗೆ ಬಂದಾಗ ಒಂದು ನಿಯಮ ಇಟ್ಟುಕೊಂಡಿದ್ದೇವೆ. ಪೇಷಂಟ್ ಹೇಳಿದ ಒಂದಾದರೂ ಪದ ನಿಮ್ಮ ಉತ್ತರದಲ್ಲಿ ಬರಬೇಕು. ಅಮ್ಮ ಅಂದರೆ ಅಮ್ಮ, ಕಾಲು ಅಂದರೆ ಕಾಲು. ಈ ಚಿಕ್ಕ ನಿಯಮದಿಂದ ಬಾಯಿಪಾಠದ ವಾಕ್ಯಗಳು ತಾವಾಗಿ ಉದುರುತ್ತವೆ. ಪೇಷಂಟ್‌ನ ಪದ ಸೇರಿಸಬೇಕಾದರೆ ಕೇಳಿಸಿಕೊಳ್ಳಲೇಬೇಕು. ಆಮೇಲೆ ಆ ರೆಕಾರ್ಡಿಂಗ್‌ನ ಎರಡು ನಿಮಿಷವನ್ನು ಅಕ್ಷರಕ್ಕೆ ಅಕ್ಷರ ಬರೆದುಕೊಳ್ಳಬೇಕು. ತಮ್ಮದೇ ಮಾತನ್ನು ತಾವೇ ಕೇಳಿ ಬರೆಯುವುದು ಬಹಳ ಜನಕ್ಕೆ ಮುಜುಗರ. ಆದರೂ ಮಾಡಿ. ಪೇಷಂಟ್ ಮಾತನ್ನು ಎಲ್ಲಿ ತುಂಡರಿಸಿದಿರಿ, ಎಲ್ಲಿ ಕಠಿಣ ವೈದ್ಯಕೀಯ ಪದ ಬಳಸಿದಿರಿ, ಯಾವ ಕ್ರಿಯಾಪದ ಕೈಕೊಟ್ಟಿತು, ಎಲ್ಲ ಕಾಗದದ ಮೇಲೆ ಕಾಣುತ್ತದೆ. ಸ್ಪೀಕಿಂಗ್‌ನಿಂದ ಶುರುವಾದದ್ದು ಲಿಸನಿಂಗ್ ಆಗಿ, ರೈಟಿಂಗ್ ಆಗಿ, ತಿದ್ದುವ ಹೊತ್ತಿಗೆ ರೀಡಿಂಗ್ ಆಗಿರುತ್ತದೆ.

ಲಿಸನಿಂಗ್‌ನ ಮೊದಲ ಭಾಗಕ್ಕೂ ಇದೇ ಹೊಂದುತ್ತದೆ. ಅಲ್ಲಿ ಪೇಷಂಟ್ ಜೊತೆಗಿನ ಎರಡು ಮಾತುಕತೆ ಕೇಳಿಸುತ್ತಾರೆ, ಒಂದೊಂದೂ ಸುಮಾರು 5 ನಿಮಿಷ, ಒಂದೇ ಸಲ. ನೋಟ್ಸ್‌ನ ಖಾಲಿ ಜಾಗ ತುಂಬಬೇಕು, ಒಟ್ಟು 24. ಆಡಿಯೊ ಶುರುವಾಗುವ ಮೊದಲು ತಲೆಬರಹಗಳನ್ನು ಓದಿಕೊಳ್ಳಲು ಸ್ವಲ್ಪ ಸಮಯ ಕೊಡುತ್ತಾರೆ. ಅಲ್ಲಿ ಸರಿಯಾಗಿ ಓದಿಕೊಂಡವರಿಗೆ ಅರ್ಧ ಕೆಲಸ ಮುಗಿದಂತೆ. ಅವರಿಗೆ ಮುಂದೆ ಏನು ಬರುತ್ತದೆ ಅಂತ ಗೊತ್ತಿರುತ್ತದೆ. ಓಇಟಿಯವರ ವೆಬ್‌ಸೈಟ್‌ನಲ್ಲಿ ಉಚಿತ ಮಾದರಿ ಪರೀಕ್ಷೆಗಳಿವೆ, ಆಡಿಯೊದ ಪಠ್ಯದ ಸಮೇತ. ಜನ ಅದನ್ನು ಒಂದು ಸಲ ಮಾಡಿ, ಇಪ್ಪತ್ನಾಲ್ಕಕ್ಕೆ ಎಷ್ಟು ಬಂತು ಅಂತ ನೋಡಿ, ಮುಗೀತು ಅಂತ ಬಿಟ್ಟುಬಿಡುತ್ತಾರೆ. ಹೊಸ ಮಾದರಿ ಎಲ್ಲಿ ಸಿಗುತ್ತದೆ ಅಂತ ಹುಡುಕುತ್ತಾರೆ. ನನ್ನ ಪ್ರಕಾರ ಒಂದು ಒಳ್ಳೆಯ ಮಾದರಿ ಒಂದು ವಾರಕ್ಕೆ ಸಾಕು. ಮೊದಲ ದಿನ ಕೇಳಿ ನೋಟ್ಸ್ ತುಂಬಿ. ಮರುದಿನ ಆ ನೋಟ್ಸ್ ಇಟ್ಟುಕೊಂಡು ಆ ಪೇಷಂಟ್‌ನ ಓವರ್ ಕೊಡಿ, ಜೋರಾಗಿ, ಇಂಗ್ಲಿಷಿನಲ್ಲಿ. ಆಮೇಲೆ ಅದೇ ನೋಟ್ಸ್ ಕೇಸ್ ನೋಟ್ಸ್ ಅಂದುಕೊಂಡು ಒಂದು ಪತ್ರ ಬರೆಯಿರಿ. ಗೆಳತಿಯನ್ನು ಆ ಪೇಷಂಟ್ ಮಾಡಿ ರೋಲ್‌ಪ್ಲೇ ಮಾಡಿ. ಅದೇ ಕಾಯಿಲೆಯ ಬಗ್ಗೆ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ವೆಬ್‌ಸೈಟ್‌ನಲ್ಲಿ ಜನಸಾಮಾನ್ಯರಿಗೆ ಅಂತ ಬರೆದ ಪುಟ ಓದಿ. ಅಲ್ಲಿನ ಇಂಗ್ಲಿಷ್ ಸರಳ, ಪೇಷಂಟ್‌ಗೆ ಹೇಳಲು ಹೇಳಿ ಮಾಡಿಸಿದಂತಿದೆ. ಕೊನೆಗೆ ಪುನಃ ಆಡಿಯೊ ಕೇಳಿ. ಮೊದಲ ದಿನ ತಪ್ಪಿಸಿಕೊಂಡಿದ್ದ ಪದಗಳು ಈಗ ಕಿವಿಗೆ ಬೀಳುತ್ತವೆ, ಯಾಕೆಂದರೆ ಆ ಪದಗಳನ್ನು ನಿಮ್ಮ ಬಾಯಿ ಆಡಿದೆ, ನಿಮ್ಮ ಕೈ ಬರೆದಿದೆ.

ರೀಡಿಂಗ್ ಬಗ್ಗೆ ಹೆಚ್ಚು ಹೇಳಲು ಇಲ್ಲ. ಮೊದಲ ಭಾಗ 15 ನಿಮಿಷ, ಒಂದೇ ವಿಷಯದ ನಾಲ್ಕು ಚಿಕ್ಕ ಪಠ್ಯ, 20 ಪ್ರಶ್ನೆ. ಡ್ರಗ್ ಚಾರ್ಟ್‌ನಲ್ಲಿ ಡೋಸ್ ಹುಡುಕುವ ವೇಗ ಇಲ್ಲಿ ಬೇಕು. ಕೊನೆಯ ಭಾಗದ ಉದ್ದ ಲೇಖನಗಳಿಗೆ ಬರೆದವರ ಅಭಿಪ್ರಾಯ ಹಿಡಿಯುವ ಅಭ್ಯಾಸ ಬೇಕು. ಅದಕ್ಕೆ ಆಸ್ಟ್ರೇಲಿಯಾದ ಎಬಿಸಿ ರೇಡಿಯೊದ ಹೆಲ್ತ್ ರಿಪೋರ್ಟ್ ಕಾರ್ಯಕ್ರಮ ಕೇಳಿ ಅಂತ ಹೇಳುತ್ತೇನೆ. ಲಿಸನಿಂಗ್‌ಗೂ ಆಯ್ತು, ವಾದ ಹೇಗೆ ಕಟ್ಟುತ್ತಾರೆ ಅನ್ನುವುದೂ ಗೊತ್ತಾಯ್ತು.

ಇದನ್ನೆಲ್ಲ ಹೇಳುವಾಗ ನನಗೆ ಅವರ ದಿನಚರಿ ಕಣ್ಣ ಮುಂದೆ ಇರುತ್ತದೆ. ನೈಟ್ ಡ್ಯೂಟಿ ಮುಗಿಸಿ ಬಂದವರಿಗೆ ನಿದ್ದೆ ಬೇಕು. ಹಾಸ್ಟೆಲ್ ರೂಮಿನಲ್ಲಿ ನಾಲ್ಕೈದು ಜನ, ಒಬ್ಬರು ಮಲಗಿದ್ದರೆ ಇನ್ನೊಬ್ಬರು ಜೋರಾಗಿ ಮಾತಾಡುವಂತಿಲ್ಲ. ಮನೆಯಲ್ಲಿ ಸಾಲ ಇರುತ್ತದೆ. ಪರೀಕ್ಷೆಯ ಫೀಸು ಒಂದು ತಿಂಗಳ ಸಂಬಳವನ್ನೇ ನುಂಗಬಹುದು. ಇಷ್ಟು ಕಷ್ಟದಲ್ಲಿ ಇರುವವರಿಗೆ ಇನ್ನೊಂದು ಟೈಮ್‌ಟೇಬಲ್ ಕೊಡುವುದು ನ್ಯಾಯ ಅಲ್ಲ. ಕೂಡಿಸಿ ಕಲಿಯುವುದರಲ್ಲಿ ನನಗೆ ಕಾಣುವ ದೊಡ್ಡ ಅನುಕೂಲ ಇಲ್ಲೇ ಇದೆ. ಡ್ಯೂಟಿಯೇ ಅಭ್ಯಾಸ ಆಗುತ್ತದೆ. ಬಸ್ಸಿನಲ್ಲಿ ಬರುವಾಗ ಇವತ್ತಿನ ಒಬ್ಬ ಪೇಷಂಟ್‌ನ ಓವರನ್ನು ಮನಸ್ಸಿನಲ್ಲೇ ಇಂಗ್ಲಿಷಿನಲ್ಲಿ ಹೇಳಿಕೊಳ್ಳಬಹುದು. ಎಲ್ಲಿ ತಡವರಿಸಿತೋ ಆ ಜಾಗವನ್ನು ಮೊಬೈಲ್‌ನಲ್ಲಿ ಒಂದು ಸಾಲು ಬರೆದಿಟ್ಟುಕೊಳ್ಳಬಹುದು. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ: ನಿಜವಾದ ಪೇಷಂಟ್‌ನ ಹೆಸರು, ವಿವರ ಬರೆದಿಡಬೇಡಿ, ರೆಕಾರ್ಡ್ ಮಾಡಬೇಡಿ, ಗ್ರೂಪ್‌ಗೆ ಕಳಿಸಬೇಡಿ. ವಯಸ್ಸು, ಕಾಯಿಲೆ ಬದಲಿಸಿಕೊಂಡು ಅಭ್ಯಾಸ ಮಾಡಿ.

ಬ್ರಿಟನ್ನಿನ ಕೌನ್ಸಿಲ್ ಈಗ 12 ತಿಂಗಳ ಒಳಗೆ ಬರೆದ ಎರಡು ಪರೀಕ್ಷೆಗಳ ಸ್ಕೋರನ್ನು ಕೂಡಿಸಲು ಬಿಡುತ್ತದೆ. ಎರಡೂ ಸಲ ಅವರು ಹೇಳಿದ ಕನಿಷ್ಠಕ್ಕಿಂತ ಕೆಳಗೆ ಇಳಿದಿರಬಾರದು ಅಷ್ಟೇ. ಇದು ದೊಡ್ಡ ಉಪಕಾರ. ಆದರೆ ಇದರಿಂದಲೇ "ರೈಟಿಂಗ್ ಮಾತ್ರ" ಅನ್ನುವ ಮಾತು ಇನ್ನೂ ಗಟ್ಟಿಯಾಗಿದೆ. ಎರಡನೇ ಸಲ ಕೂರುವವರು ಉಳಿದ ಮೂರನ್ನು ಮುಟ್ಟುವುದೇ ಇಲ್ಲ. ಆರು ತಿಂಗಳು ಕಿವಿಗೆ ಇಂಗ್ಲಿಷ್ ಬಿದ್ದಿರುವುದಿಲ್ಲ, ಬಾಯಿ ಆಡಿರುವುದಿಲ್ಲ. ಲಿಸನಿಂಗ್ ಕನಿಷ್ಠಕ್ಕಿಂತ ಕೆಳಗೆ ಹೋದರೆ ಕೂಡಿಸುವ ಅವಕಾಶವೂ ಕೈತಪ್ಪುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಪರೀಕ್ಷೆಗೆ ಒಂದೆರಡು ವಾರ ಇರುವಾಗ ಗಡಿಯಾರ ಇಟ್ಟುಕೊಂಡು ಬೇರೆ ಬೇರೆಯಾಗಿ ಮಾಡಿ. ಅಲ್ಲಿ ಬೇರ್ಪಡಿಸಿಯೇ ಕೇಳುತ್ತಾರೆ, ಆ ಲಯಕ್ಕೆ ಮೈ ಒಗ್ಗಬೇಕು. ಅಲ್ಲಿಯವರೆಗೆ ಬೇಡ.

ಈಗಾಗಲೇ ಹೊರಗೆ ಹೋಗಿ ಕೆಲಸ ಮಾಡುತ್ತಿರುವವರು ನನಗೆ ಹೇಳುವ ಒಂದು ಸಂಗತಿ ಇದೆ. ಶುರುವಿನ ತಿಂಗಳುಗಳಲ್ಲಿ ಅವರಿಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ವಾರ್ಡಿನ ಫೋನ್. ಲ್ಯಾಬ್‌ನಿಂದ ಕರೆ ಬರುತ್ತದೆ, ಪೊಟ್ಯಾಸಿಯಂ ಇಷ್ಟಿದೆ ಅಂತ ಯಾರೋ ವೇಗವಾಗಿ, ಪರಿಚಯವಿಲ್ಲದ ಉಚ್ಚಾರಣೆಯಲ್ಲಿ ಹೇಳುತ್ತಾರೆ. ಕೇಳಬೇಕು, ಬರೆದುಕೊಳ್ಳಬೇಕು, ಬರೆದದ್ದನ್ನು ಅವರಿಗೇ ಓದಿ ಹೇಳಿ ಖಚಿತ ಮಾಡಿಕೊಳ್ಳಬೇಕು, ತಕ್ಷಣ ಡಾಕ್ಟರಿಗೆ ತಿಳಿಸಬೇಕು. ಒಂದು ಅಂಕಿ ತಪ್ಪಿದರೆ ಒಂದು ಜೀವದ ಪ್ರಶ್ನೆ. ಆ ಕರೆಯಲ್ಲಿ ಯಾವ ಮಾಡ್ಯೂಲ್ ಎಲ್ಲಿ ಮುಗಿದು ಯಾವುದು ಶುರುವಾಯಿತು ಅಂತ ಹೇಳಲಾಗುವುದಿಲ್ಲ. ಇದನ್ನು ಇಲ್ಲಿಂದಲೇ ಅಭ್ಯಾಸ ಮಾಡಬಹುದು, ಪೈಸೆ ಖರ್ಚಿಲ್ಲ. ಇಬ್ಬರು ಸೇರಿಕೊಳ್ಳಿ, ಬೇರೆ ಬೇರೆ ವಾರ್ಡಿನವರಾದರೆ ಇನ್ನೂ ಒಳ್ಳೆಯದು. ಇವತ್ತು ರಾತ್ರಿ ಒಬ್ಬರು ಫೋನ್ ಮಾಡಿ ಒಂದು ಕಲ್ಪಿತ ಲ್ಯಾಬ್ ರಿಪೋರ್ಟ್ ಇಂಗ್ಲಿಷಿನಲ್ಲಿ ಹೇಳಿ. ಇನ್ನೊಬ್ಬರು ಬರೆದುಕೊಂಡು, ತಿರುಗಿ ಓದಿ ಹೇಳಿ, ಡಾಕ್ಟರಿಗೆ ಹೇಳಬೇಕಾದ ನಾಲ್ಕು ವಾಕ್ಯವನ್ನು ಅಲ್ಲೇ ಹೇಳಿ. ನಾಳೆ ಪಾತ್ರ ಬದಲಾಯಿಸಿಕೊಳ್ಳಿ.